ಕೆಸರಿಗೆ ಸುರಿದ ನಲವತ್ತೆರಡು ಬಾಟಲಿ

ಈ ಕೆಲಸದಲ್ಲಿ ನಾನು ಕಳೆದುಕೊಂಡದ್ದು ನಲವತ್ತೆರಡು ಬಾಟಲಿ ಕೊಳಕು ನೀರು. ಬಾಟಲಿಗೆ ಮುನ್ನೂರೈವತ್ತು ರೂಪಾಯಿಯಂತೆ ಹದಿನಾಲ್ಕು ಸಾವಿರದ ಏಳುನೂರು. ಆ ದರವನ್ನು ಹಟ ಹಿಡಿದು ಮೇಲಕ್ಕೆ ಏರಿಸಿದವನೂ ನಾನೇ, ಆ ನೀರನ್ನು ಕೆಸರಿಗೆ ಸುರಿದವನೂ ನಾನೇ. ಇದರ ಜೊತೆಗೆ ನನ್ನ ಮಾವನ ಎಡಗಾಲಿನ ಶಕ್ತಿ ಹೋಯಿತು. ಅದಕ್ಕೆ ದರ ಹಚ್ಚಲು ನನಗೆ ಇವತ್ತಿಗೂ ಬರುವುದಿಲ್ಲ. ಒಬ್ಬ ದೋಣಿಯವನಿಗೆ ದಿನಕ್ಕೆ ಎರಡು ಸಾವಿರದ ಇನ್ನೂರು ಕೊಟ್ಟಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಅಷ್ಟನ್ನು ಉಳಿಸಿದೆ ಎಂದು ಆ ದಿನ ಬೆಳಿಗ್ಗೆ ನಾನು ಖುಷಿಯಲ್ಲಿದ್ದೆ.

ಮುಂಬೈಯಲ್ಲಿ ನಾನು ಸಣ್ಣಪುಟ್ಟ ಕೆಲಸಗಳ ಗುತ್ತಿಗೆ ಹಿಡಿಯುವವನು. ಯಾರೂ ಮಾಡಲು ಒಲ್ಲದ ಕೆಲಸ ಇದ್ದರೆ ಯಾರೋ ಒಬ್ಬರು ನನ್ನ ನಂಬರ್ ಕೊಡುತ್ತಾರೆ. ಹಾಗೆಯೇ ವಿಲೆ ಪಾರ್ಲೆಯ ಒಂದು ಕಂಪನಿಯಿಂದ ಫೋನ್ ಬಂತು. ಮಲಾಡ್ ಪಶ್ಚಿಮದಲ್ಲಿ ಸಮುದ್ರವು ನೆಲದೊಳಗೆ ಕೈ ಚಾಚಿದ ಹಾಗೆ ಒಂದು ಖಾಡಿ ಇದೆ. ಉಪ್ಪುನೀರಿನ ಹಿನ್ನೀರು ಎನ್ನಿ. ಅದರ ಎರಡೂ ದಡಕ್ಕೆ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಕಾಡು, ಆ ಕಾಡಿನ ನಡುನಡುವೆ ಊರಿನ ಮೋರಿಗಳು ಬಂದು ಬೀಳುತ್ತವೆ. ಪ್ರತಿ ಮೋರಿಯ ಬಾಯಿಯ ಹತ್ತಿರ ಆಳ ಅಳೆಯಬೇಕು, ತಳದ ನೀರನ್ನು ಬಾಟಲಿಗೆ ತುಂಬಿ ಐಸ್ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ಮೋಟಾರ್ ದೋಣಿ ಬೇಡ ಎಂದರು. ಪಂಖ ತಿರುಗಿದರೆ ತಳದ ಕೆಸರೆಲ್ಲ ಎದ್ದು ನೀರು ಕೆಡುತ್ತದೆ, ಅಲ್ಲದೆ ಆ ಖಾಡಿಯಲ್ಲಿ ತೇಲುವ ಪ್ಲಾಸ್ಟಿಕ್ ಪಂಖಕ್ಕೆ ಸುತ್ತಿಕೊಂಡು ನೂರು ಮಾರಿಗೊಮ್ಮೆ ನಿಲ್ಲಬೇಕಾಗುತ್ತದೆ. ಹುಟ್ಟು ಹಾಕಿಯೇ ಹೋಗಬೇಕು. ಆರು ದಿನದ ಕೆಲಸ.

ಕಂಪನಿಯವರು ದಿನಗೂಲಿ ಲೆಕ್ಕ ಹೇಳಿದರು. ನಾನು ಒಪ್ಪಲಿಲ್ಲ. "ಸರ್, ದಿನಗೂಲಿ ಕೊಟ್ಟರೆ ದೋಣಿಯವನು ಮಲಗುತ್ತಾನೆ. ಬಾಟಲಿಗೆ ಇಷ್ಟು ಅಂತ ಕೊಡಿ, ಪ್ರಯೋಗಾಲಯಕ್ಕೆ ತಲುಪಿದ ಬಾಟಲಿಗೆ ಮಾತ್ರ ಕೊಡಿ" ಎಂದೆ. ಅವರಿಗೆ ಅದು ಹಿಡಿಸಿತು. ತಲುಪಿದ ಬಾಟಲಿಗೆ ಮಾತ್ರ ಎಂಬ ಆ ಮಾತು ಕರಾರಿನಲ್ಲಿ ಹೋಗಿ ಕೂತದ್ದು ನನ್ನ ಬಾಯಿಂದಲೇ.

ಖಾಡಿಯ ಜೆಟ್ಟಿಯಲ್ಲಿ ಒಬ್ಬ ಕೋಲಿ ಮೀನುಗಾರ ಸಿಕ್ಕರು. ಅರವತ್ತು ದಾಟಿದ ಆಳು, ಎಲ್ಲರೂ ಕಾಕಾ ಎನ್ನುತ್ತಿದ್ದರು. ಅವರಾಡಿದ್ದು ಮರಾಠಿ-ಹಿಂದಿ ಕಲಸಿದ ಮಾತು. ಇಲ್ಲಿ ಆದಷ್ಟು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ದಿನಕ್ಕೆ ಮೂರು ಸಾವಿರ. ದೋಣಿ ನಂದು, ಹುಟ್ಟು ನಂದು."

"ಕಾಕಾ, ಮೋಟಾರೇ ಇಲ್ಲ, ಡೀಸೆಲ್ ಖರ್ಚಿಲ್ಲ. ಮೂರು ಸಾವಿರ ಯಾತಕ್ಕೆ?"

"ಡೀಸೆಲ್ ಬದಲು ನಾನು ಅನ್ನ ತಿಂತೀನಿ ಸೇಟ್. ಅದೂ ತುಟ್ಟಿಯಾಗಿದೆ."

ಎರಡು ಕಪ್ ಚಹಾ ಮುಗಿಯುವಷ್ಟರಲ್ಲಿ ಎರಡು ಸಾವಿರದ ಇನ್ನೂರಕ್ಕೆ ಇಳಿಸಿದೆ. ಆಗ ಅವರು ಒಂದು ಷರತ್ತು ಹಾಕಿದರು. "ನಾನು ತಿರುಗು ಅಂದ್ರೆ ತಿರುಗಬೇಕು. ಯಾಕೆ ಅಂತ ಕೇಳೋ ಹಾಗಿಲ್ಲ, ಇನ್ನೊಂದು ಬಾಟಲಿ ಅನ್ನೋ ಹಾಗಿಲ್ಲ."

"ದುಡ್ಡು ಕೊಡೋನು ನಾನು. ಯಾವಾಗ ತಿರುಗಬೇಕು ಅನ್ನೋದು ನನ್ನ ಲೆಕ್ಕ ಅಲ್ಲವೇ?"

"ಭಾವ್ ಬೇಕಾದ್ರೆ ಇನ್ನೂ ಇನ್ನೂರು ಇಳಿಸ್ತೀನಿ. ಇದನ್ನ ಇಳಿಸಲ್ಲ."

ವ್ಯಾಪಾರದಲ್ಲಿ ಎದುರಿಗಿರುವವನು ದುಡ್ಡನ್ನು ಬಿಟ್ಟು ಬೇರೊಂದನ್ನು ಗಟ್ಟಿಯಾಗಿ ಹಿಡಿದುಕೊಂಡರೆ, ಬೆಲೆ ಇರುವುದು ಅದಕ್ಕೇ ಎಂದು ತಿಳಿಯಬೇಕು. ಇಪ್ಪತ್ತು ವರ್ಷ ಚೌಕಾಸಿ ಮಾಡಿದ ನನಗೆ ಅಂದು ಅದು ತಿಳಿಯಲಿಲ್ಲ. ಅವರು ಬೇಗ ತಿರುಗಿದರೆ ದಿನಕ್ಕೆ ನಾಲ್ಕು ಬಾಟಲಿ ಖೋತಾ ಎಂದಷ್ಟೇ ಹೊಳೆಯಿತು. ನೋಡೋಣ ಕಾಕಾ ಎಂದು ಎದ್ದು ಬಂದೆ.

ನನ್ನ ಮನೆಯಲ್ಲೇ ಹುಟ್ಟು ಹಾಕುವವರಿದ್ದರು. ನನ್ನ ಹೆಂಡತಿಯ ಅಪ್ಪ, ನನ್ನ ಮಾವ, ಕೃಷ್ಣಾ ಹೊಳೆಯ ಒಂದು ಕಡವಿನಲ್ಲಿ ನಲವತ್ತು ವರ್ಷ ಜನ ದಾಟಿಸಿದವರು. ಹೊಳೆಗೆ ಸೇತುವೆ ಬಂದ ಮೇಲೆ ನಮ್ಮಲ್ಲಿಗೆ ಬಂದು, ಮಲಾಡಿನ ಚಾಳಿನ ಕಟ್ಟೆಯ ಮೇಲೆ ಕೂತು ಬರಹೋಗುವ ರಿಕ್ಷಾ ನೋಡುತ್ತಿದ್ದರು. ಕೆಲಸದ ವಿಷಯ ಹೇಳಿದಾಗ ಅವರ ಮುಖ ಬೆಳಗಿದ್ದು ನನಗೆ ಇನ್ನೂ ಕಣ್ಣಮುಂದಿದೆ. "ಹುಟ್ಟು ಹಿಡದು ಆರು ವರ್ಷ ಆತಲೋ ಅಳಿಯಾ. ಕೈ ಮರತಿರತಾವೇನ?" ಎಂದು ತಮ್ಮ ಅಂಗೈಯನ್ನೇ ನೋಡಿಕೊಂಡರು. ಹಳೆಯದೊಂದು ಚಪ್ಪಟೆ ತಳದ ದೋಣಿಯನ್ನು ದಿನಕ್ಕೆ ಆರುನೂರಕ್ಕೆ ಗೊತ್ತು ಮಾಡಿದೆ. ಉಬ್ಬರ-ಇಳಿತದ ಹೊತ್ತು ಫೋನಿನಲ್ಲೇ ಸಿಗುತ್ತದೆ. ಕಾಕಾನಿಗೆ ಯಾಕೆ ಕೊಡಬೇಕು?

ಮೊದಲ ದಿನ ಎಲ್ಲ ನೆಟ್ಟಗೆ ನಡೆಯಿತು. ಕಂಪನಿಯಿಂದ ಒಬ್ಬ ಮೇಡಂ ಬಂದಿದ್ದರು, ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ. ತಂದೆ-ತಾಯಿ ಉಡುಪಿ ಕಡೆಯವರು, ಈಕೆ ಹುಟ್ಟಿದ್ದು ಬೆಳೆದದ್ದು ಇಲ್ಲೇ. ಕನ್ನಡ ತಡವರಿಸಿ ಬರುತ್ತಿತ್ತು. ಮಾವನ ಮಾತು ಅವರಿಗೆ ಅರ್ಧ ತಿಳಿಯದು, ಅವರ ಮಾತು ಮಾವನಿಗೆ ಅರ್ಧ ತಿಳಿಯದು. ಆದರೂ ಇಬ್ಬರೂ ನನ್ನನ್ನು ಬಿಟ್ಟು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು.

ಕೆಲಸದ ರೀತಿ ಹೀಗೆ. ಮೋರಿಯ ಬಾಯಿಂದ ಹತ್ತು ಮಾರು ದೂರದಲ್ಲಿ ದೋಣಿ ನಿಲ್ಲಿಸಬೇಕು. ಗೇಣುಗೇಣಿಗೆ ಬಣ್ಣ ಬಳಿದ ಬಿದಿರಿನ ಗಳ ಇಳಿಸಿ ಆಳ ನೋಡುವುದು ನಾನು. ಮೇಡಂ ಸೀಸದ ಗುಂಡು ಕಟ್ಟಿದ ಡಬ್ಬಿಯನ್ನು ಹಗ್ಗದಲ್ಲಿ ತಳಕ್ಕೆ ಬಿಟ್ಟು, ಒಂದು ಜಗ್ಗು ಜಗ್ಗಿ ಮುಚ್ಚಳ ತೆರೆದು, ನೀರು ತುಂಬಿದ ಮೇಲೆ ಮೇಲಕ್ಕೆತ್ತಿ ಬಾಟಲಿಗೆ ಸುರಿದು ಚೀಟಿ ಅಂಟಿಸುವರು. ಇದೆಲ್ಲ ಆಗುವ ತನಕ ದೋಣಿ ಅಲ್ಲಾಡಬಾರದು. ಲಂಗರು ಹಾಕಿದರೆ ತಳ ಕಲಕುತ್ತದೆ. ಆದ್ದರಿಂದ ಸೆಳೆತಕ್ಕೆ ಎದುರಾಗಿ ಹುಟ್ಟನ್ನು ಬೆರಳಷ್ಟೇ ತಿರುಗಿಸುತ್ತಾ ದೋಣಿಯನ್ನು ಇದ್ದಲ್ಲೇ ಹಿಡಿಯಬೇಕು. ಮಾವ ಅದನ್ನು ಕಣ್ಣು ಮುಚ್ಚಿ ಮಾಡುತ್ತಿದ್ದರು. ಹುಟ್ಟು ನೀರಿಂದ ಮೇಲೆದ್ದದ್ದೇ ಕಾಣುತ್ತಿರಲಿಲ್ಲ. ಇಪ್ಪತ್ತೈದು ಬಾಟಲಿ ಆಯಿತು. ಎರಡನೆಯ ದಿನ ಸಂಜೆ ಪ್ರಯೋಗಾಲಯದ ಗಾಡಿ ಬರುವುದಿತ್ತು. ಅಷ್ಟರಲ್ಲಿ ಐವತ್ತು ಮುಟ್ಟಿಸಬೇಕು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಎರಡನೆಯ ದಿನ ಬೆಳಿಗ್ಗೆ ಜೆಟ್ಟಿಯಲ್ಲಿ ಕಾಕಾ ಬಲೆ ಬಿಡಿಸುತ್ತಾ ಕೂತಿದ್ದರು. ನಮ್ಮನ್ನು ನೋಡಿ, "ಸೇಟ್, ಇವತ್ತು ನೀರು ನಿನ್ನೆಗಿಂತ ಹೆಚ್ಚು ಇಳಿಯುತ್ತೆ" ಎಂದರು. ನಾನು ಕೈ ಎತ್ತಿ ಫೋನ್ ತೋರಿಸಿದೆ. ಅವರು ಮತ್ತೆ ಬಲೆಗೆ ತಲೆ ಬಗ್ಗಿಸಿದರು.

ಎಂಟು ಗಂಟೆಗೆ ಉಬ್ಬರ ತುಂಬಿ ನಿಂತಿತು. ಎರಡು ಗಂಟೆ ಹತ್ತು ನಿಮಿಷಕ್ಕೆ ಪೂರ್ತಿ ಇಳಿತ ಎಂದು ಫೋನ್ ಹೇಳುತ್ತಿತ್ತು. ಹನ್ನೆರಡರ ಹೊತ್ತಿಗೆ ಹದಿನೇಳು ಬಾಟಲಿ ಸೇರಿ, ದೋಣಿಯ ಐಸ್ ಪೆಟ್ಟಿಗೆಯಲ್ಲೇ ಇದ್ದ ಹಿಂದಿನ ದಿನದವೂ ಕೂಡಿ ಒಟ್ಟು ನಲವತ್ತೆರಡಾಗಿತ್ತು. ಖಾಡಿಯಿಂದ ಎಡಕ್ಕೆ ಒಂದು ಹಳ್ಳ ಒಡೆದು ಕಾಡಿನೊಳಗೆ ಅರ್ಧ ಕಿಲೋಮೀಟರು ಹೋಗುತ್ತದೆ. ಅದರ ತುದಿಯಲ್ಲಿ ಎರಡು ಮೋರಿ. ಹಿಂದಿನ ದಿನ ಇದೇ ಹೊತ್ತಿಗೆ ಅದರ ಬಾಯಿ ದಾಟುವಾಗ ಗಳ ಇಳಿಸಿ ನೋಡಿದ್ದೆ, ಸೊಂಟದುದ್ದ ನೀರಿತ್ತು.

"ಮಾವಾ, ಒಳಗ ಹೋಗಿ ಬಂದುಬಿಡೂಣ."

ಮಾವ ನೀರನ್ನು ನೋಡಿದರು. "ನೀರು ಹಿಂದಕ ಸರಿಯಾಕ ಹತ್ಯಾವ ಅಳಿಯಾ."

"ಎರಡು ಗಂಟೆ ತನಕ ಹೊತ್ತೈತ್ರಿ. ಅರ್ಧ ತಾಸಿನ ಕೆಲಸ."

ಅವರು ದೋಣಿಯ ಮೂತಿಯನ್ನು ಹಳ್ಳದ ಕಡೆಗೆ ತಿರುಗಿಸಿದರು. ಹೊಳೆಯ ಮನುಷ್ಯನಿಗೆ ನೀರು ಕಡಿಮೆಯಾಗುವುದೆಂದರೆ ವಾರದ ಮಾತು, ತಿಂಗಳ ಮಾತು. ಗಂಟೆಯಲ್ಲಿ ತಳ ಕಾಣುತ್ತದೆ ಎಂಬುದು ಅವರ ಅನುಭವದಲ್ಲಿ ಇರಲಿಲ್ಲ, ನನ್ನದರಲ್ಲೂ ಇರಲಿಲ್ಲ. ಫೋನಿನ ಎರಡು ಗಂಟೆ ಹೊರಗಿನ ಸಮುದ್ರದ್ದು. ಹಳ್ಳದ ಹೊಟ್ಟೆ ಎತ್ತರದಲ್ಲಿದೆ, ಅದು ಒಂದೂವರೆ ಗಂಟೆ ಮೊದಲೇ ಬರಿದಾಗುತ್ತದೆ ಎಂದು ಯಾವ ಫೋನೂ ಹೇಳುವುದಿಲ್ಲ.

ಮೊದಲ ಮೋರಿಯನ್ನು ಮುಟ್ಟುವ ಮೊದಲೇ ಮೇಡಂ, "ಅಂಕಲ್, ನೀರು ಫಟಾಫಟ್ ಇಳೀತಾ ಉಂಟಲ್ಲ?" ಎಂದರು. ತಿರುಗಿ ನೋಡಿದರೆ ಹಿಂದೆ ಹಳ್ಳ ಇರಲಿಲ್ಲ. ಹೊಳೆಯುವ ಕಪ್ಪು ಕೆಸರು, ನಡುವೆ ಅಂಗೈ ಅಗಲದ ನೀರಿನ ಗೆರೆ. ದೋಣಿ ಮೆತ್ತಗೆ ಕೂತಿತು. ಕೂತ ಸದ್ದೂ ಆಗಲಿಲ್ಲ.

ಆಗ ಮಾವ ಮಾಡಿದ್ದನ್ನು ಹೊಳೆಯ ಅಂಬಿಗ ಯಾರಾದರೂ ಮಾಡುತ್ತಿದ್ದ. ಬೇಸಿಗೆಯಲ್ಲಿ ದೋಣಿ ಮರಳಿಗೆ ತಾಗಿದರೆ ಅಂಬಿಗ ಇಳಿಯುತ್ತಾನೆ, ಹಿಂದಿನಿಂದ ಹೆಗಲು ಕೊಟ್ಟು ನೂಕುತ್ತಾನೆ, ಮತ್ತೆ ಹತ್ತುತ್ತಾನೆ. ನಲವತ್ತು ವರ್ಷ ಸಾವಿರ ಸಲ ಮಾಡಿದ ಕೆಲಸ. ಅದಕ್ಕೆ ಯೋಚನೆ ಬೇಕಾಗುವುದಿಲ್ಲ. ಅವರು ಧೋತರ ಎತ್ತಿ ಕಟ್ಟಿ, ಹುಟ್ಟನ್ನು ಒಳಗಿಟ್ಟು, ಹಿಂಬದಿಯಿಂದ ಕಾಲು ಇಳಿಸಿದರು. ನಾನು ಮುಂದೆ ಗಳ ಊರುತ್ತಿದ್ದೆ. "ಮಾವಾ, ತಡೀರಿ" ಎನ್ನುವಷ್ಟರಲ್ಲಿ ಎರಡೂ ಕಾಲು ಇಳಿದಿದ್ದವು.

ಮೊಣಕಾಲಿಗೆ ನಿಲ್ಲಲಿಲ್ಲ. ತೊಡೆಗೆ ನಿಲ್ಲಲಿಲ್ಲ. ಸೊಂಟಕ್ಕೆ ಬಂದು ನಿಂತರು. ಎರಡು ಕೈಯಲ್ಲಿ ದೋಣಿಯ ಅಂಚು ಹಿಡಿದು, ಆಶ್ಚರ್ಯದಿಂದ ನನ್ನನ್ನೇ ನೋಡಿದರು. "ತಳಾನ ಇಲ್ಲಲೋ ಅಳಿಯಾ."

ನಾನೂ ಮೇಡಮ್ಮೂ ಅವರ ತೋಳು ಹಿಡಿದು ಎಳೆದೆವು. ಕೈಲಾಗಲಿಲ್ಲ. ಹಗ್ಗವನ್ನು ಕಂಕುಳಡಿ ಸುತ್ತಿ ಅಡ್ಡಹಲಗೆಗೆ ಕಾಲು ಕೊಟ್ಟು ಎಳೆದೆವು. ಒಂದು ಗೇಣು ಮೇಲೆ ಬಂದಂತಾಯಿತು, ಬಿಟ್ಟೊಡನೆ ಒಂದೂವರೆ ಗೇಣು ಒಳಗೆ ಹೋದರು. ಮೂರನೆಯ ಸಲ ಎಳೆದಾಗ ಅವರು ಕೂಗಿದರು. ಅವರು ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಎಡಗಾಲು ಕೆಳಗೆ ಯಾವುದಕ್ಕೋ ಸಿಕ್ಕಿಕೊಂಡಿತ್ತು.

ಮೇಡಂ ಅಗ್ನಿಶಾಮಕದವರಿಗೆ ಫೋನ್ ಮಾಡಿದರು. ಅವರು ಹೊರಟರು. ಆದರೆ ರಸ್ತೆಯಿಂದ ನಮ್ಮ ತನಕ ಕಾಡು, ಕಾಡಿನಿಂದ ನಮ್ಮ ತನಕ ಇದೇ ಕೆಸರು. ನನ್ನ ಫೋನಿನಲ್ಲಿ ಇನ್ನೊಂದು ನಂಬರ್ ಇತ್ತು. ಚೌಕಾಸಿಗೆಂದು ಬರೆದುಕೊಂಡದ್ದು.

"ಕಾಕಾ, ನಾನು ಬಾಟಲಿಯವನು..."

"ಸಿಕ್ಕಿಬಿದ್ದಿರಾ? ಎಲ್ಲಿ?"

ಹೇಳಿದೆ.

"ಯಾರಾದರೂ ಇಳಿದಿದ್ದಾರಾ?"

"ಮಾವ. ಸೊಂಟದ ತನಕ. ಎಳೀತಾ ಇದ್ದೀವಿ."

"ಖೀಂಚ್‌ನಾ ಬಂದ್!" ಅವರ ದನಿ ಕಿವಿಗೆ ಹೊಡೆಯಿತು. "ಎಳೆಯೋದು ನಿಲ್ಲಿಸು ಮೊದಲು. ಎಳೆದಷ್ಟೂ ಚಿಖಲ್ ಕಾಲಿಗೆ ಕಚ್ಚಿಕೊಳ್ಳುತ್ತೆ. ಗಳ ಇದೆಯಾ? ಕಾಲಿನ ಪಕ್ಕಕ್ಕೇ ಚುಚ್ಚು, ಅಲ್ಲಾಡಿಸು, ಆ ತೂತಿಗೆ ನೀರು ಸುರಿ. ಕಾಲು ಅಲ್ಲಾಡಿಸೋಕೆ ಹೇಳು. ಇನ್ನೂ ಸುರಿ. ಕೆಸರಿಗೆ ನೀರು ಕುಡಿಸಬೇಕು, ಆಗ ಬಾಯಿ ಬಿಡುತ್ತೆ."

"ನೀವು ಬೇಗ ಬನ್ನಿ ಕಾಕಾ. ಎಷ್ಟು ಬೇಕಾದರೂ ಕೊಡ್ತೀನಿ..."

"ಈಗ ಭಾವ್ ಮಾತಾಡಬೇಡ, ಹೊತ್ತು ಹೋಗುತ್ತೆ. ಕೇಳು. ನೀರಿಲ್ಲದೆ ನಾನೂ ಬರೋಕಾಗಲ್ಲ. ನಾನು ಹಳ್ಳದ ಬಾಯಲ್ಲಿ ನಿಂತಿರ್ತೀನಿ. ಭರತಿ ಬರುತ್ತಲ್ಲ, ಅದರ ಜೊತೆಗೇ ಬರ್ತೀನಿ."

ಭರತಿ ಎಂದರೆ ಉಬ್ಬರ. ಮಾವನ ಎದೆಯೂ ತಲೆಯೂ ಮಾತ್ರ ಕೆಸರಿನ ಮೇಲಿದ್ದವು. ನೀರು ಬರುವ ಮೊದಲು ಅವರನ್ನು ಮೇಲೆತ್ತದಿದ್ದರೆ ಮುಳುಗುತ್ತಾರೆ ಎಂದು ನಾನು ಎಳೆಯುತ್ತಿದ್ದೆ. ಈ ಮನುಷ್ಯ ಎಳೆಯುವುದನ್ನು ಬಿಟ್ಟು ಆ ನೀರಿಗಾಗಿಯೇ ಕಾಯಿರಿ ಎನ್ನುತ್ತಿದ್ದಾರೆ. ಮೇಡಂ ನನ್ನ ಮುಖ ನೋಡಿದರು. ಹಗ್ಗ ನನ್ನ ಕೈಯಲ್ಲೇ ಇತ್ತು. ಹಿಡಿದದ್ದನ್ನು ಬಿಡುವುದು ನನಗೆ ಯಾವತ್ತೂ ಸುಲಭವಾಗಿ ಬಂದದ್ದಲ್ಲ. ಹಗ್ಗವನ್ನು ಸಡಿಲ ಬಿಟ್ಟು ಅಡ್ಡಹಲಗೆಗೆ ಕಟ್ಟಿದೆ. ಗಳ ತೆಗೆದುಕೊಂಡೆ. ಆ ದಿನ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.

ಗಳವನ್ನು ಅವರ ಬಲತೊಡೆಯ ಪಕ್ಕಕ್ಕೆ ಇಳಿಸಿ ಅಲ್ಲಾಡಿಸಿದೆ. ತೂತಾಯಿತು. ಆದರೆ ನೀರೆಲ್ಲಿ? ಹಳ್ಳದ ನೀರಿನ ಗೆರೆ ನಾಲ್ಕು ಮಾರು ದೂರ, ಅಲ್ಲಿಗೆ ಹೋಗಲು ಇಳಿಯಬೇಕು. ಕುಡಿಯುವ ನೀರಿನ ಕ್ಯಾನ್‌ನಲ್ಲಿ ಮಾವನಿಗೆಂದು ಒಂದು ಲೋಟ ಉಳಿಸಿಕೊಂಡು ಮಿಕ್ಕದ್ದು ಸುರಿದೆವು. ಐಸ್ ಕರಗಿದ ನೀರು ಸುರಿದೆವು. ಕೆಸರು ಅದನ್ನು ನುಂಗಿ ಸುಮ್ಮನಾಯಿತು.

ಮೇಡಂ ಪೆಟ್ಟಿಗೆಯ ಹತ್ತಿರ ಹೋಗಿ ಮೊದಲ ಬಾಟಲಿ ತೆಗೆದರು. ಚೀಟಿ ಓದಿದರು, ಮುಚ್ಚಳ ತಿರುಗಿಸಿದರು.

"ಮೇಡಂ, ಅವು..." ಎಂದೆ.

"ಅಂಕಲ್, ಇದು ಕೂಡ ನೀರೇ ಅಲ್ವಾ?"

ಅವರು ಬಾಟಲಿ ಕೊಡುತ್ತಾ ಹೋದರು, ನಾನು ಸುರಿಯುತ್ತಾ ಹೋದೆ. ಒಂದು ಕೈಯಲ್ಲಿ ಗಳ ಅಲ್ಲಾಡಿಸುವುದು, ಇನ್ನೊಂದು ಕೈಯಲ್ಲಿ ಬಾಟಲಿ ಬಗ್ಗಿಸುವುದು. ಮಾವ ಹಲ್ಲು ಕಚ್ಚಿ ಕಾಲು ತಿರುಗಿಸುವರು. ಹದಿನೈದನೆಯ ಬಾಟಲಿಗೆ ಅವರ ಬಲಮೊಣಕಾಲು ಒಳಗೆ ಅಲ್ಲಾಡಿತು. ಇಪ್ಪತ್ತಾರನೆಯದಕ್ಕೆ ಚೀಲದ ಬಾಯಿ ಬಿಚ್ಚಿದಂತಹ ಸದ್ದಾಗಿ ಕಾಲು ಮೇಲೆ ಬಂತು. ಪೆಟ್ಟಿಗೆಯ ಮುಚ್ಚಳವನ್ನು ಕೆಸರಿನ ಮೇಲೆ ಹಾಸಿ ಆ ಕಾಲನ್ನು ಅದರ ಮೇಲೆ ಮಡಚಿ ಇಟ್ಟೆವು. ಉಳಿದ ಹದಿನಾರೂ ಎಡಗಾಲಿಗೆ ಹೋದವು. ಅದು ಬರಲಿಲ್ಲ. ಕೆಸರು ಸಡಿಲವಾಯಿತು, ಕಾಲು ಒಳಗೆ ಆಡುತ್ತಿತ್ತು, ಆದರೆ ಪಾದವನ್ನು ಏನೋ ಹಿಡಿದಿತ್ತು.

ಆಗ ಎರಡು ಗಂಟೆ. ಇನ್ನು ಮಾಡುವುದಕ್ಕೆ ಏನೂ ಉಳಿಯಲಿಲ್ಲ. ದೂರದಲ್ಲಿ ಹಳ್ಳದ ಬಾಯಲ್ಲಿ ಕಾಕಾನ ದೋಣಿ ಬಂದು ನಿಂತದ್ದು ಕಂಡಿತು. ಅವರ ಕೆಂಪು ಟೊಪ್ಪಿಗೆ ಕಾಣುತ್ತಿತ್ತು. ಅವರೂ ಕೂತಿದ್ದರು, ನಾವೂ ಕೂತಿದ್ದೆವು, ನಡುವೆ ಅರ್ಧ ಕಿಲೋಮೀಟರು ಕೆಸರು ಬಿಸಿಲಿಗೆ ಮಿನುಗುತ್ತಿತ್ತು. ಏಡಿಗಳು ಹೊರಗೆ ಬಂದು ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದವು. ಒದ್ದೆ ಟವೆಲ್ಲನ್ನು ಮಾವನ ತಲೆಗೆ ಸುತ್ತಿದೆ. ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿ ಬಾಯಿಗೆ ಕೊಟ್ಟೆ. ನಾಲ್ಕು ತುತ್ತು ತಿಂದರು.

"ನಲವತ್ತು ವರ್ಷ ಹೊಳ್ಯಾಗ ಇದ್ದೆ. ಹೊಳಿ ಒಮ್ಮೆನೂ ನನ್ನ ಕಾಲ ಹಿಡೀಲಿಲ್ಲ" ಎಂದರು. ಬಾಯಲ್ಲಿದ್ದ ರೊಟ್ಟಿ ನುಂಗಿ, "ಇದು ಮುಂಬೈ. ಬಂದವರನ್ನ ಹಂಗ ಬಿಡೂದಿಲ್ಲ ನೋಡು" ಎಂದು ನಗಲು ನೋಡಿದರು.

ಮೇಡಂ ನಗಲಿಲ್ಲ. ಖಾಲಿ ಬಾಟಲಿಗಳನ್ನು ಒಂದೊಂದಾಗಿ ಪೆಟ್ಟಿಗೆಯಲ್ಲಿ ಜೋಡಿಸಿಡುತ್ತಿದ್ದರು.

"ಆ ಹುಡುಗಿನ್ನ ಮೊದಲ ಕಳಿಸು ಅಳಿಯಾ. ನೀರು ಬಂದ ಮ್ಯಾಲೆ."

"ಎಲ್ಲಾರೂ ಕೂಡೇ ಹೋಗೂದ್ರಿ."

"ಮಗಳಿಗೆ ಏನ ಹೇಳ್ತಿ?"

ಬೆಳಿಗ್ಗೆ ಅವಳು ರೊಟ್ಟಿ ಕಟ್ಟುವಾಗ, "ಅಪ್ಪಗ ವಯಸ್ಸಾಗೈತಿ, ಹಗೂರಕ ಕರ್ಕೊಂಡ ಹೋಗ್ರಿ" ಎಂದಿದ್ದಳು.

ಮೂರೂಕಾಲಿಗೆ ನೀರು ಬಂತು. ಅಲೆಯಾಗಿ ಬರುವುದಿಲ್ಲ ಅದು. ಕೆಸರಿನ ಬಣ್ಣ ದೂರದಲ್ಲಿ ಬದಲಾಗುತ್ತದೆ, ಆ ಬದಲಾದ ಗೆರೆ ಹತ್ತಿರ ಹತ್ತಿರ ಬರುತ್ತದೆ, ಏಡಿಗಳು ತೂತಿಗೆ ಹೋಗುತ್ತವೆ. ಆ ಗೆರೆಯ ಹಿಂದೆಯೇ ಕಾಕಾನ ದೋಣಿಯೂ ಹೊರಟಿತ್ತು. ಒಂದೊಂದು ಮಾರು ನೀರು ಬಂದ ಹಾಗೆ ಒಂದೊಂದು ಮಾರು ಅವರು ಗಳ ಊರಿ ಮುಂದೆ ಬರುತ್ತಿದ್ದರು. ಅವಸರ ಮಾಡಲಿಲ್ಲ. ಅವಸರ ಮಾಡಿದರೆ ಅವರ ದೋಣಿಯೂ ಕೂರುತ್ತಿತ್ತು. ಆ ನಿಧಾನವನ್ನು ನೋಡುತ್ತಾ ಕೂರುವುದಿದೆಯಲ್ಲ, ನನ್ನ ವೈರಿಗೂ ಬೇಡ. ರಸ್ತೆಯ ಕಡೆಯಿಂದ ಅಗ್ನಿಶಾಮಕದವರು ಕೆಸರಿನ ಮೇಲೆ ಏಣಿ ಹಾಸುತ್ತಾ ಬರುತ್ತಿದ್ದರು. ಅವರಿನ್ನೂ ಕಾಡಿನ ಅಂಚಿನಲ್ಲೇ ಇದ್ದರು.

ನೀರು ಮಾವನ ಹೊಟ್ಟೆಗೆ ಬಂತು, ಎದೆಗೆ ಬಂತು. ನಮ್ಮ ದೋಣಿ ಮೆಲ್ಲಗೆ ತೇಲಿತು. ಅದು ಅವರ ಮೇಲೆ ಸರಿಯದಂತೆ ಒಂದು ಕಡೆ ಗಳ, ಇನ್ನೊಂದು ಕಡೆ ಹುಟ್ಟು ಊರಿ ಹಿಡಿದೆವು. ಕಂಕುಳಡಿಯ ಹಗ್ಗ ತಾನಾಗಿ ಬಿಗಿಯಾಯಿತು. ದೋಣಿ ಏರಿದಂತೆ ಅವರನ್ನೂ ಏರಿಸುತ್ತಿತ್ತು, ಮನುಷ್ಯರು ಎಳೆದ ಹಾಗಲ್ಲ, ಸ್ವಲ್ಪ ಸ್ವಲ್ಪ. ಎಡತೊಡೆ ಕೆಸರಿಂದ ಹೊರಬಂತು. ಮೊಣಕಾಲು ಬಂತು. ಅಲ್ಲಿಗೆ ನಿಂತಿತು. ದೋಣಿ ಏರಲು ನೋಡುತ್ತಿದೆ, ಪಾದ ಬಿಡುತ್ತಿಲ್ಲ, ನೀರು ಗಲ್ಲಕ್ಕೆ ಬಂದಿದೆ. ಮಾವ ತಲೆ ಹಿಂದಕ್ಕೆ ಚೆಲ್ಲಿ ಆಕಾಶ ನೋಡುತ್ತಿದ್ದರು. ಮೇಡಂ ದೋಣಿಯಲ್ಲಿ ಕವುಚಿ ಮಲಗಿ ಎರಡು ಕೈಯಲ್ಲಿ ಅವರ ತಲೆ ಎತ್ತಿ ಹಿಡಿದಿದ್ದರು.

ಕಾಕಾ ಬಂದವರೇ ಸೊಂಟದ ಚಾಕು ಬಾಯಲ್ಲಿ ಕಚ್ಚಿ, ನನ್ನ ಗಳವನ್ನೇ ಹಿಡಿದು ನೀರಿಗೆ ಇಳಿದರು. ನಿಲ್ಲಲಿಲ್ಲ, ಮಲಗಿದಂತೆ ಮುಳುಗಿದರು. ಎದ್ದು ಉಸಿರು ತೆಗೆದುಕೊಂಡು ಮತ್ತೆ ಮುಳುಗಿದರು. ಮೂರನೆಯ ಸಲ ಹಗ್ಗ ಒಮ್ಮೆಲೇ ಸಡಿಲಾಯಿತು, ದೋಣಿ ಓಲಾಡಿತು. ಮಾವ ಮೇಲೆದ್ದು ಬಂದರು. ಕಾಕಾನ ಕೈಯಲ್ಲಿ ಹಸಿರು ನೈಲಾನಿನ ಹಳೆಯ ಬಲೆಯ ತುಂಡಿತ್ತು. ಯಾರೋ ಯಾವಾಗಲೋ ಎಸೆದ ಬಲೆ, ಕೆಸರಿನಲ್ಲಿ ಹೂತು ಕಾಯುತ್ತಿತ್ತು.

ಮಾವನನ್ನು ತಮ್ಮ ದೋಣಿಯಲ್ಲಿ ಮಲಗಿಸಿದ ಮೇಲೆ ಕಾಕಾ ಮೊದಲು ಮಾತಾಡಿದ್ದು ನನ್ನೊಡನೆ ಅಲ್ಲ, ಅವರೊಡನೆ. "ತುಮ್ ನಾವ್‌ವಾಲಾ ಹೈ ನಾ? ಗಾಂವ್ ಮೇ?" ನೀನು ಊರಲ್ಲಿ ದೋಣಿಯವನಲ್ಲವೇ ಎಂದು. ಮಾವ ಹೌದೆಂದು ತಲೆಯಾಡಿಸಿದರು. "ದಿಖ್ತಾ ಹೈ," ಕಾಣಿಸುತ್ತದೆ, ಎಂದು ಕಾಕಾ ಅವರ ಎದೆಯ ಮೇಲೆ ಕೈಯಿಟ್ಟರು.

ಪಾದದ ನರಕ್ಕೆ ಪೆಟ್ಟಾಗಿತ್ತು. ಒಂದೂವರೆ ತಿಂಗಳು ಪಟ್ಟಿ, ಆಮೇಲೆ ಕೋಲು. ಇವತ್ತಿಗೂ ಎಡಪಾದಕ್ಕೆ ಬಿಸಿ-ತಣ್ಣನೆ ತಿಳಿಯುವುದಿಲ್ಲ. ಹುಟ್ಟು ಹಾಕುವವನು ತೋಳಿನಿಂದ ಹಾಕುತ್ತಾನೆ ಎಂದು ನಾವು ತಿಳಿಯುತ್ತೇವೆ, ಅವನು ಹಾಕುವುದು ಕಾಲು ಕೊಟ್ಟು. ಅವರು ಮತ್ತೆ ದೋಣಿ ಹತ್ತಲಿಲ್ಲ.

ಕಂಪನಿ ಆ ಬಾಟಲಿಗಳಿಗೆ ದುಡ್ಡು ಕೊಡಲಿಲ್ಲ. ಕರಾರು ನನ್ನದೇ. ಮೇಡಂ ವರದಿಯಲ್ಲಿ, ನಲವತ್ತೆರಡು ಮಾದರಿಗಳನ್ನು ಒಬ್ಬರ ಜೀವ ಉಳಿಸಲು ಬಳಸಲಾಯಿತು ಎಂದು ಒಂದೇ ಸಾಲು ಬರೆದು, ಮೊದಲಿನಿಂದ ಮಾಡಲು ಹೊಸ ಬಾಟಲಿ ತರಿಸಿದರು. ನಾನು ಕಾಕಾನ ಹತ್ತಿರ ಹೋದೆ. ಮೂರು ಸಾವಿರ ಎಂದರು. ಆಯಿತು ಎಂದೆ. ಷರತ್ತು ಅದೇ ಎಂದರು. ಆಯಿತು ಎಂದೆ. "ಎರಡು ಸಾವಿರದ ಇನ್ನೂರಕ್ಕೆ ಇಳಿಸಿದ್ದೆನಲ್ಲ, ನೆನಪಿಲ್ವಾ?" ಎಂದು ಕೆಣಕಿದರು. "ನೆನಪಿದೆ ಕಾಕಾ" ಎಂದೆ. ಆರು ದಿನದಲ್ಲಿ ನಾಲ್ಕು ಸಲ ಅವರು ತಿರುಗು ಎಂದರು. ಎರಡು ಸಲ ಯಾಕೆಂದು ನನಗೆ ಅರ್ಥವೇ ಆಗಲಿಲ್ಲ. ತಿರುಗಿದೆವು.

ಇನ್ನು ನೀವು ಕೇಳಿ. ಹೊಳೆಯ ಕಡೆಯವರು ಕಡಲಿನ ಕಡೆ ಕೆಲಸ ಹಿಡಿಯುವುದು ಈಗ ಹೆಚ್ಚಾಗಿದೆ, ಆದ್ದರಿಂದ ಹೇಳುತ್ತಿದ್ದೇನೆ. ಖಾಡಿಯಲ್ಲಿ ದೋಣಿ ಕೂತರೆ ನೀವೂ ದೋಣಿಯಲ್ಲೇ ಕೂತಿರಿ. ತಳ ಕಂಡಿತೆಂದು ಇಳಿಯಬೇಡಿ, ಕಾಣುವುದು ತಳವಲ್ಲ. ಫೋನು ಹೇಳುವ ಹೊತ್ತು ಸಮುದ್ರದ್ದು. ಒಳಗಿನ ಹಳ್ಳದ ಹೊತ್ತು ಅಲ್ಲಿ ಬಲೆ ಹಾಕುವವನಿಗೆ ಮಾತ್ರ ಗೊತ್ತು, ಅದೂ ದಿನದಿನಕ್ಕೆ ಬೇರೆ. ದೋಣಿಯಲ್ಲಿ ಎರಡು ಅಗಲವಾದ ಹಲಗೆ, ಒಂದು ಚಾಕು, ಉದ್ದ ಹಗ್ಗ, ಕುಡಿಯುವುದಕ್ಕಲ್ಲದೆ ಇನ್ನೆರಡು ಕ್ಯಾನ್ ನೀರು ಇರಲಿ. ಯಾರಾದರೂ ಹೂತರೆ ಹಿಂದಕ್ಕೆ ಒರಗಿಸಿ, ಎಳೆಯಬೇಡಿ, ಕಾಲಿನ ಪಕ್ಕಕ್ಕೆ ನೀರು ಕುಡಿಸಿ, ಮೊದಲು ಅಲ್ಲಿಯ ಮೀನುಗಾರನಿಗೆ ಫೋನ್ ಮಾಡಿ. ಆದ್ದರಿಂದ ಅವನೊಡನೆ ಜಗಳವಾಗಿದ್ದರೂ ನಂಬರ್ ಅಳಿಸಬೇಡಿ. ಚೌಕಾಸಿ ಮಾಡಿ, ಬೇಡ ಎನ್ನುವುದಿಲ್ಲ, ನಾನೂ ಬಿಟ್ಟಿಲ್ಲ. ಆದರೆ ಹೊರಡುವ ಮೊದಲು ತಿರುಗು ಎನ್ನುವವನು ಯಾರು ಎಂದು ಗೊತ್ತು ಮಾಡಿಕೊಳ್ಳಿ. ಬಾಟಲಿಯ ಲೆಕ್ಕದಲ್ಲಿ ದುಡ್ಡು ಎಣಿಸುವವನು ಅವನಾಗಿರಬಾರದು.

ಕೊನೆಯದು ಒಂದಿದೆ. ಪಟ್ಟಿ ಬಿಚ್ಚಿದ ದಿನ ಮಾವ ಚಾಳಿನ ಕಟ್ಟೆಯ ಮೇಲೆ ಕೂತು, ಸಿಟ್ಟಿಲ್ಲದೆ, ಸುಮ್ಮನೆ ಹೇಳಿದಂತೆ 'ಅವತ್ತ ನೀರು ಸುರಿವಾಗ ನೀ ಬಾಯಾಗ ಏನೋ ಅನಕೋತಿದ್ದಿ. ದೇವರ ಹೆಸರು ಇರಬೇಕಂತ ಮಾಡಿದ್ದೆ. ಆಮ್ಯಾಲೆ ಕೇಳಸ್ತು' ಎಂದರು. ಅವರ ಕಾಲಿಗೆ ಸುರಿದ ಒಂದೊಂದು ಬಾಟಲಿಯನ್ನೂ ನಾನು ಎಣಿಸಿದ್ದೆ. ನಿಮಗೆ ಅಂಥ ಹೊತ್ತು ಬಂದರೆ ಸುರಿಯಿರಿ. ಎಣಿಸಬೇಡಿ. ಹೂತವರಿಗೆ ಅದು ಕೇಳಿಸುತ್ತದೆ.